ಚಂದ್ರನ ಸರಾಸರಿ ಜವ

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರವಿದು: ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದರೆ ಸರಾಸರಿ ಜವ. ಇಲ್ಲಿ ‘ಒಟ್ಟು’ ಎಂಬ ಮಾತೇ ಮುಖ್ಯ. 60 ಕಿ.ಮೀ. ದೂರದ ಊರಿಗೆ ಗಂಟೆಗೆ 60 ಕಿ.ಮೀ.ನಂತೆ ಹೋಗಿ, 40ರಂತೆ ಮರಳಿದ ಬಸ್ಸಿನ ಸರಾಸರಿ 50 ಅಲ್ಲ, 120 ಕಿ.ಮೀ.ಗೆ ಎರಡೂವರೆ ಗಂಟೆ, ಅಂದರೆ 48.

ಪಂಚಾಂಗ ಗಣಿತದವರಿಗೆ ಈ ಲೆಕ್ಕ ಬಹಳ ಹಳೆಯದು. ಅವರು ಇದನ್ನು ಮಧ್ಯಮ ಗತಿ ಎನ್ನುತ್ತಾರೆ. ಕ್ರಿ.ಶ. 499ರ ಆರ್ಯಭಟೀಯದ ಪ್ರಕಾರ ಒಂದು ಮಹಾಯುಗದಲ್ಲಿ ಚಂದ್ರ 5,77,53,336 ಸುತ್ತು ಹಾಕುತ್ತಾನೆ; ಅದರಲ್ಲಿರುವ ದಿನಗಳು 1,57,79,17,500. ಭಾಗಿಸಿ ನೋಡಿ: ಒಂದು ಸುತ್ತಿಗೆ 27.3217 ದಿನ, ದಿನಕ್ಕೆ ಸುಮಾರು 13.18 ಡಿಗ್ರಿ. ಇಂದಿನ ಅಳತೆಯೂ ಹೆಚ್ಚುಕಡಿಮೆ ಇಷ್ಟೇ. ಕ್ಯಾಲ್ಕುಲೇಟರ್‌ನಲ್ಲಿ ಇದನ್ನು ಮಾಡಿ ನೋಡಿದ ದಿನ ನನಗೆ ನಿದ್ದೆ ಹತ್ತಲಿಲ್ಲ.

ಆದರೆ ಚಂದ್ರ ಯಾವ ದಿನವೂ ಸರಾಸರಿಯಂತೆ ನಡೆಯುವವನಲ್ಲ. ಒಮ್ಮೆ ದಿನಕ್ಕೆ 12 ಡಿಗ್ರಿ, ಒಮ್ಮೆ 15. ಅದಕ್ಕೇ ಒಂದು ತಿಥಿ 20 ಗಂಟೆಯ ಆಸುಪಾಸಿನಲ್ಲಿ ಮುಗಿದರೆ, ಇನ್ನೊಂದು 26 ಗಂಟೆ ದಾಟುತ್ತದೆ. ಏಕಾದಶಿ ಎಷ್ಟು ಹೊತ್ತಿಗೆ ಮುಗಿಯಿತು ಎಂದು ಕೇಳುವವರಿಗೆ ಮಧ್ಯಮ ಗತಿಯ ಉತ್ತರ ಸಾಲದು. ನನ್ನ ಕೆಲಸದಲ್ಲೂ ಇದೇ ಪಾಡು. ಸರ್ವರ್ ಸರಾಸರಿ ಅರ್ಧ ಸೆಕೆಂಡಿನಲ್ಲಿ ಉತ್ತರಿಸುತ್ತದೆ ಎಂದು ವರದಿ ಹೇಳುತ್ತದೆ. ಹತ್ತು ಸೆಕೆಂಡು ಕಾದವನ ಸಿಟ್ಟು ಅದರಲ್ಲಿ ಕಾಣುವುದಿಲ್ಲ.

ಭಾಸ್ಕರಾಚಾರ್ಯರು 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದಾಗ ಅವರಿಗೆ 36 ವರ್ಷ, ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ಇಂದಿನ ಮತ್ತು ನಾಳೆಯ ಸ್ಥಾನಗಳನ್ನು ಕಳೆದು ಬರುವ ದಿನದ ಗತಿಯನ್ನು ಅವರು ಸ್ಥೂಲವೆಂದು ಕರೆದರು. ಚಂದ್ರನ ಗತಿ ದೊಡ್ಡದು, ಕ್ಷಣಕ್ಷಣಕ್ಕೂ ಬದಲಾಗುವಂಥದ್ದು. ಆದ್ದರಿಂದ ಆ ಹೊತ್ತಿನ ‘ತಾತ್ಕಾಲಿಕ ಗತಿ’ ಬೇಕೆಂದರು. ಅದನ್ನು ಪಡೆಯಲು ಬಳಸಿದ್ದು ನಾವು ಇಂದು ಕೊಸೈನ್ ಎನ್ನುವ ಕೋಟಿಜ್ಯಾವನ್ನು. ಹತ್ತನೆಯ ಶತಮಾನದ ಮಂಜುಲನೂ ಇಂಥದೇ ಸೂತ್ರ ಕೊಟ್ಟಿದ್ದ. ಇದನ್ನೇ ಕ್ಯಾಲ್ಕುಲಸ್ ಎಂದು ಹೆಮ್ಮೆಪಡುವವರಿದ್ದಾರೆ; ನನಗೆ ಅದು ಅತಿಯೆನಿಸುತ್ತದೆ. ಆದರೆ ಸರಾಸರಿ ಎಲ್ಲಿ ಕೈಕೊಡುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಹಾಗೆಂದು ಹಳೆಯ ಲೆಕ್ಕವನ್ನು ಅವರು ಎಸೆಯಲಿಲ್ಲ. ತಿಥಿಯ ಕೊನೆ ದೂರವಿದ್ದರೆ ಸ್ಥೂಲ ಗತಿಯೇ ಸಾಕು, ಹತ್ತಿರವಿದ್ದರೆ ತಾತ್ಕಾಲಿಕ ಗತಿಯನ್ನೇ ಹಿಡಿಯಬೇಕು ಎಂದು ವಿಧಿಸಿದರು.