ಹರಿದದ್ದೋ, ಹುಟ್ಟಿನಿಂದಲೇ ಹಾಗೋ?

ಪೀಣ್ಯದಲ್ಲಿ ಇಪ್ಪತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತು ದುಡಿದ ಗೆಳೆಯನೊಬ್ಬ ಮೊನ್ನೆ ಎಂಆರ್‌ಐ ರಿಪೋರ್ಟು ಹಿಡಿದುಕೊಂಡು ಬಂದಿದ್ದ. "ಭುಜದೊಳಗೆ ಏನೋ ಹರಿದಿರಬಹುದು ಅಂತ ಬರೆದಿದೆ ಗುರೂ. ಆಪರೇಷನ್ ಅಂದ್ರೆ ತಿಂಗಳುಗಟ್ಟಲೆ ಸಂಬಳ ಇಲ್ಲ" ಅಂದ. ನಾನು ಡಾಕ್ಟರಲ್ಲ. ಆದರೆ ಆ 'ಬಹುದು' ಅನ್ನೋ ಪದದ ಹಿಂದೆ ಒಂದು ಚರಿತ್ರೆಯೇ ಇದೆ.

ಬೈಸೆಪ್ಸ್ ಅಂದರೆ ಲ್ಯಾಟಿನ್‌ನಲ್ಲಿ 'ಎರಡು ತಲೆಯದು'. ಅದರ ಉದ್ದ ತಲೆಯ ಟೆಂಡನ್ ಭುಜದ ಕೀಲಿನೊಳಗೇ ಹಾದು ಹೋಗಿ, ಹೆಗಲ ಮೂಳೆಯ ಗುಳಿಯ ಮೇಲ್ತುದಿಗೆ ಅಂಟಿಕೊಳ್ಳುತ್ತದೆ. ಗುಳಿಯ ಸುತ್ತ ವಾಷರಿನಂಥ ಮೆತ್ತನೆ ಅಂಚು ಇದೆ, ಅದೇ ಲೇಬ್ರಮ್. ಪುಸ್ತಕದಲ್ಲಿ ಇದಕ್ಕೆಲ್ಲ ಒಂದೇ ಚಿತ್ರ!

ಸಣ್ಣ ತೂತಿನಿಂದ ಕೀಲಿನೊಳಗೆ ನೋಡುವ ಆರ್ತ್ರೋಸ್ಕೋಪ್ ಬಂದಮೇಲೆ, 1990ರಲ್ಲಿ ಅಮೆರಿಕದ ಸ್ಟೀಫನ್ ಸ್ನೈಡರ್ ಮತ್ತು ಸಂಗಡಿಗರು ಈ ಜಾಗದ ಗಾಯಗಳನ್ನು ನಾಲ್ಕು ಬಗೆ ಮಾಡಿ 'ಸ್ಲ್ಯಾಪ್' ಅಂತ ಹೆಸರಿಟ್ಟರು. ಹೊಲಿಗೆ ಹಾಕುವ ಆಪರೇಷನ್ನುಗಳೂ ಹೆಚ್ಚಿದವು.

ಆದರೆ 1994ರಲ್ಲಿ ವ್ಯಾಂಗ್ಸ್‌ನೆಸ್ ತಂಡ 100 ಭುಜಗಳನ್ನು ಪರೀಕ್ಷಿಸಿ ನೋಡಿತು. ಲೇಬ್ರಮ್‌ಗೆ ಟೆಂಡನ್ ಅಂಟುವ ರೀತಿ ಒಂದಲ್ಲ, ನಾಲ್ಕು! 22ರಲ್ಲಿ ಪೂರ್ತಿ ಹಿಂದಕ್ಕೆ, 33ರಲ್ಲಿ ಹೆಚ್ಚಾಗಿ ಹಿಂದಕ್ಕೆ, 37ರಲ್ಲಿ ಎರಡೂ ಕಡೆ ಸಮ, 8ರಲ್ಲಿ ಹೆಚ್ಚಾಗಿ ಮುಂದಕ್ಕೆ. ಅದೇ ವರ್ಷ ಸ್ನೈಡರ್ ಅವರೂ ಸೇರಿ ಬರೆದ ಇನ್ನೊಂದು ಲೇಖನ ಬಂತು. 200 ಭುಜಗಳಲ್ಲಿ 3ರಲ್ಲಿ ಲೇಬ್ರಮ್‌ನ ಮುಂದಿನ ಮೇಲ್ಭಾಗವೇ ಇರಲಿಲ್ಲ, ಬದಲಿಗೆ ಹಗ್ಗದಂಥ ದಪ್ಪ ಲಿಗಮೆಂಟ್ ಇತ್ತು. ಇದು ಹುಟ್ಟಿನಿಂದ ಬಂದದ್ದು, 'ಬ್ಯೂಫರ್ಡ್ ಕಾಂಪ್ಲೆಕ್ಸ್'. ಹರಿದಿದೆ ಅಂತ ತಪ್ಪು ತಿಳಿದು ಅದನ್ನು ಮೂಳೆಗೆ ಹೊಲಿದರೆ ತೋಳು ಹೊರಕ್ಕೆ ತಿರುಗುವುದೇ ಕಷ್ಟವಾಗುತ್ತದೆ.

ಇವೆಲ್ಲ ದೂರದ ಮಾತಲ್ಲ. ದೇಹ ಛೇದನ ಮಾಡುವಾಗ ಮೂರು ತಲೆಯ ಬೈಸೆಪ್ಸ್ ಸಿಕ್ಕಿದ್ದನ್ನು ನಮ್ಮ ಕರಾವಳಿಯ ಅನಾಟಮಿ ಮೇಷ್ಟರುಗಳೂ ವರದಿ ಮಾಡಿದ್ದಾರೆ.

2017ರಲ್ಲಿ ನಾರ್ವೆಯಿಂದ ಒಂದು ಅಧ್ಯಯನ ಬಂತು. ಸ್ಲ್ಯಾಪ್‌ನ ಎರಡನೇ ಬಗೆಯ 118 ಜನರಲ್ಲಿ ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಬರೀ ತೂತು ಮಾಡಿ ಮುಚ್ಚಿದ್ದು. ಎರಡು ವರ್ಷದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಹಾಗಂತ ನೋವು ಸುಳ್ಳಲ್ಲ, ಎಲ್ಲ ಆಪರೇಷನ್ನೂ ದಂಡವಲ್ಲ. ಗೆಳೆಯನಿಗೆ ಇಷ್ಟೇ ಹೇಳಿದೆ: "ಡಾಕ್ಟರನ್ನ ಒಂದು ಮಾತು ಕೇಳಪ್ಪಾ, ಇದು ಹರಿದಿರೋದಾ, ಇಲ್ಲಾ ನಾನು ಹುಟ್ಟಿರೋದೇ ಹೀಗಾ ಅಂತ."