ಬೆನ್ನುಮೂಳೆಗೊಂದು ತಿರುಪು: ಕಿರುಗಾಯದ ಶಸ್ತ್ರಚಿಕಿತ್ಸೆಯ ಹಿಂದಿನ ವಿನ್ಯಾಸ

ಚಿತ್ರದುರ್ಗ: ಹೊಳಲ್ಕೆರೆ ಸೀಮೆಯ ಅಡಿಕೆ ತೋಟದಲ್ಲಿ ಮರದಿಂದ ಜಾರಿದವರು, ಹೊಸದುರ್ಗದಲ್ಲಿ ಕಾಯಿ ಕೀಳಲು ತೆಂಗಿನ ಮರವೇರಿ ಆಯತಪ್ಪಿದವರು, ಹಿರಿಯೂರು-ಚಿತ್ರದುರ್ಗ ನಡುವಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವಾಹನ ಮಗುಚಿ ಗಾಯಗೊಂಡವರು ಅನುಭವಿಸಬಹುದಾದ ಗಂಭೀರ ಪೆಟ್ಟುಗಳಲ್ಲಿ ಬೆನ್ನುಮೂಳೆಯ ಮುರಿತವೂ ಒಂದು. ಎತ್ತರದಿಂದ ಬಿದ್ದಾಗ ಎದೆಭಾಗದ ಕೊನೆಯ ಮತ್ತು ಸೊಂಟದ ಮೊದಲ ಕಶೇರುಗಳು ಜಜ್ಜಿಹೋಗುವುದೇ ಹೆಚ್ಚು. ಇಂಥ ಮುರಿತವನ್ನು ಹಿಡಿದು ನಿಲ್ಲಿಸಲು ವೈದ್ಯರು ಬಳಸುವ ಸಾಧನ, ಬೆರಳಿನಷ್ಟೂ ಉದ್ದವಿಲ್ಲದ ಒಂದು ಲೋಹದ ತಿರುಪು. ಅದನ್ನು ಬೆನ್ನು ಸೀಳದೆಯೇ ಮೂಳೆಯೊಳಗೆ ಕೂರಿಸುವ ಬಗೆ ಹೇಗೆ, ಅದಕ್ಕಾಗಿ ಸಾಧನದ ವಿನ್ಯಾಸ ಹೇಗೆ ಬದಲಾಯಿತು ಎಂಬುದರ ವಿವರ ಇಲ್ಲಿದೆ.

ಎಲ್ಲಿ ಕೂರುತ್ತದೆ?

ಪ್ರತಿ ಕಶೇರುವಿನ ಮುಂಭಾಗದಲ್ಲಿ ಡಬ್ಬಿಯಾಕಾರದ ದಪ್ಪ ಮೂಳೆಯಿದ್ದು, ಹಿಂಭಾಗದ ಕಮಾನಿಗೆ ಅದನ್ನು ಎರಡು ಗಿಡ್ಡ ಕಂಬಗಳು ಜೋಡಿಸುತ್ತವೆ. ಈ ಕಂಬಗಳಿಗೆ ಪೆಡಿಕಲ್ ಎಂದು ಹೆಸರು. ತಿರುಪು ಹಿಂದಿನಿಂದ ಈ ಕಂಬದ ಮೂಲಕವೇ ಹಾದು ಮುಂದಿನ ಮೂಳೆಯೊಳಗೆ ಇಳಿಯಬೇಕು. ಕಂಬದ ಒಳಬದಿಗೆ ಬೆನ್ನುಹುರಿಯ ನಾಳ, ಕೆಳಬದಿಗೆ ಹೊರಬರುವ ನರ. ಸೊಂಟದ ಕೊನೆಯ ಕಶೇರುವಿನಲ್ಲಿ ಪೆಡಿಕಲ್‌ನ ಅಗಲ ಸುಮಾರು 15 ಮಿ.ಮೀ. ಇದ್ದರೆ, ಎದೆಯ ನಡುಭಾಗದಲ್ಲಿ 4ರಿಂದ 5 ಮಿ.ಮೀ. ಮಾತ್ರ. ಭಾರತೀಯರ ಪೆಡಿಕಲ್ ಪಾಶ್ಚಾತ್ಯರದ್ದಕ್ಕಿಂತ ಸರಾಸರಿ ಕಿರಿದು ಎಂದು ಅಧ್ಯಯನಗಳು ಹೇಳಿರುವುದರಿಂದ, ಅಲ್ಲಿನ ಅಳತೆಯ ತಿರುಪನ್ನು ಇಲ್ಲಿ ಹಾಗೆಯೇ ಬಳಸಲಾಗದು. ಒಂದೆರಡು ಮಿಲಿಮೀಟರ್ ಒಳಕ್ಕೆ ಸರಿದರೂ ಕಾಲಿನ ಶಕ್ತಿಗೇ ಸಂಚಕಾರ ಬರಬಹುದು.

ಪೆಡಿಕಲ್ ಮೂಲಕ ತಿರುಪು ಕೂರಿಸಿ ಲೋಹದ ಪಟ್ಟಿಗೆ ಬಿಗಿಯುವ ಪದ್ಧತಿಯನ್ನು ಫ್ರಾನ್ಸ್‌ನ ವೈದ್ಯ ರೇಮಂಡ್ ರಾಯ್-ಕಮೀಲ್ 1963ರಲ್ಲಿ ಆರಂಭಿಸಿದರು. ಅಮೆರಿಕದಲ್ಲಿ 1990ರ ದಶಕದಲ್ಲಿ ಈ ಸಾಧನದ ವಿರುದ್ಧ ಮೊಕದ್ದಮೆಗಳ ಸರಮಾಲೆಯೇ ನಡೆದು, 1998ರಲ್ಲಷ್ಟೇ ಅಲ್ಲಿನ ನಿಯಂತ್ರಣ ಸಂಸ್ಥೆ ಇದನ್ನು ಕಡಿಮೆ ಅಪಾಯದ ವರ್ಗಕ್ಕೆ ಇಳಿಸಿತು.

ಸೀಳುವುದೇಕೆ ಬೇಡ?

ಹಳೆಯ ಕ್ರಮದಲ್ಲಿ ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಪಕ್ಕಕ್ಕೆ ಎಳೆದು ಹಿಡಿಯಲಾಗುತ್ತದೆ. ರಕ್ತಸ್ರಾವ ಅಧಿಕ. ಹೊಲ-ತೋಟದ ದುಡಿಮೆಯನ್ನೇ ನಂಬಿದವರಿಗೆ ಬೆನ್ನಿನ ಸ್ನಾಯು ದುರ್ಬಲವಾಗುವುದು ಸಣ್ಣ ನಷ್ಟವಲ್ಲ. ಸ್ನಾಯುಗಳ ಸಂದಿನಿಂದಲೇ ಒಳಹೋಗುವ ದಾರಿಯನ್ನು ಅಮೆರಿಕದ ಲಿಯೋನ್ ವಿಲ್ಟ್ಸಿ 1968ರಲ್ಲಿ ವಿವರಿಸಿದ್ದರು. ಚರ್ಮದ ಸಣ್ಣ ರಂಧ್ರಗಳ ಮೂಲಕ ತಿರುಪು ಮಾತ್ರವಲ್ಲದೆ ಅವುಗಳನ್ನು ಜೋಡಿಸುವ ಕಂಬಿಯನ್ನೂ ಒಳಗೆ ತೂರಿಸುವ ವ್ಯವಸ್ಥೆಯನ್ನು ಮೆಂಫಿಸ್‌ನ ಕೆವಿನ್ ಫೋಲಿ ಮತ್ತು ಸಹವರ್ತಿಗಳು 2001ರಲ್ಲಿ ಪ್ರಕಟಿಸಿದರು. ಸಮುದ್ರಯಾನಿಗಳ ಕೋನಮಾಪಕದ ಹಾಗೆ ಕಮಾನಿನಲ್ಲಿ ತಿರುಗುವ ತೋಳಿದ್ದುದರಿಂದ ಅದಕ್ಕೆ 'ಸೆಕ್ಸ್‌ಟಂಟ್' ಎಂದೇ ಹೆಸರಾಯಿತು.

ರೋಗಿಯನ್ನು ಬೋರಲು ಮಲಗಿಸಿ, ಸಿ ಆಕಾರದ ಎಕ್ಸ್-ರೇ ಯಂತ್ರದ ಚಿತ್ರ ನೋಡುತ್ತ ಟೊಳ್ಳು ಸೂಜಿಯನ್ನು ಪೆಡಿಕಲ್‌ನೊಳಗೆ ಇಳಿಸಲಾಗುತ್ತದೆ. ಸೂಜಿಯ ಮೂಲಕ ತೆಳು ತಂತಿ. ತಂತಿಯ ಮೇಲೆ ಒಂದರೊಳಗೊಂದು ಸೇರುವ ಕೊಳವೆಗಳು. ಅವು ಸ್ನಾಯುವನ್ನು ಕತ್ತರಿಸದೆ ಸರಿಸುತ್ತವೆ. ಆಮೇಲೆ ಅದೇ ತಂತಿಯನ್ನು ಹಿಡಿದು ತಿರುಪು ಕೆಳಗಿಳಿಯುತ್ತದೆ. ಅಪಾಯ ಇರುವುದೂ ಈ ತಂತಿಯಲ್ಲೇ. ತಿರುಪಿನೊಂದಿಗೆ ತಂತಿಯೂ ಮುಂದೆ ಸರಿದು ಕಶೇರುವನ್ನು ದಾಟಿದರೆ ಎದುರಿಗೆ ಮಹಾಪಧಮನಿ ಇದೆ. ಕಣ್ಣಿಗೆ ಕಾಣದೆ ಮಾಡುವ ಕೆಲಸವಾದ್ದರಿಂದ ಎಕ್ಸ್-ರೇ ವಿಕಿರಣವೂ ವೈದ್ಯರಿಗೆ, ಸಿಬ್ಬಂದಿಗೆ ಹೆಚ್ಚು ತಗಲುತ್ತದೆ.

ವಿನ್ಯಾಸಕಾರನ ಲೆಕ್ಕಾಚಾರ

ತಂತಿ ಹಾಯಲು ತಿರುಪಿನ ನಡುವೆ ಉದ್ದಕ್ಕೂ ರಂಧ್ರ ಬೇಕು. ಟೊಳ್ಳಾದರೆ ತಿರುಪು ಮುರಿಯದೇ ಎಂಬ ಪ್ರಶ್ನೆ ಸಹಜ. ಲೆಕ್ಕ ಅಚ್ಚರಿ ಹುಟ್ಟಿಸುತ್ತದೆ. ದುಂಡು ಸರಳು ಬಾಗದಂತೆ ತಡೆಯುವ ಗುಣ ವ್ಯಾಸದ ನಾಲ್ಕನೇ ಘಾತವನ್ನು ಅವಲಂಬಿಸುವುದರಿಂದ, 5 ಮಿ.ಮೀ. ತಿರುಳಿನ ನಡುವೆ 1.8 ಮಿ.ಮೀ. ರಂಧ್ರ ಕೊರೆದರೆ ನಷ್ಟವಾಗುವುದು ಶೇ 2ಕ್ಕಿಂತಲೂ ಕಡಿಮೆ. ತಿರುಳಿನ ವ್ಯಾಸವನ್ನು 4ರಿಂದ 5 ಮಿ.ಮೀ.ಗೆ ಏರಿಸಿದರೆ ಬಾಗುವಿಕೆಯನ್ನು ತಾಳುವ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ತಿರುಳು ದಪ್ಪವಾದಷ್ಟೂ ಎಳೆಗಳ ಆಳ ಕುಗ್ಗುತ್ತದೆ, ಸ್ಪಂಜಿನಂಥ ಒಳಮೂಳೆಯಲ್ಲಿ ಹಿಡಿತ ಸಡಿಲವಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದ ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ತಲೆಯ ಬಳಿ ದಪ್ಪ, ತುದಿಯಲ್ಲಿ ಸಣ್ಣದಾಗುವ ಶಂಕುವಿನಾಕಾರದ ತಿರುಳು.

ತಿರುಪಿನ ತಲೆಯೂ ಬದಲಾಯಿತು. ಮೇಲಿನ ಮತ್ತು ಕೆಳಗಿನ ತಿರುಪುಗಳು ಒಂದೇ ಗೆರೆಯಲ್ಲಿ ಬರುವುದು ಅಪರೂಪ. ಬಯಲು ಶಸ್ತ್ರಚಿಕಿತ್ಸೆಯಲ್ಲಿ ಕಂಬಿಯನ್ನು ನೋಡಿ ಬಗ್ಗಿಸಿಕೊಳ್ಳಬಹುದು. ಇಲ್ಲಿ ಆ ಅನುಕೂಲ ಸೀಮಿತ. ಆದ್ದರಿಂದ ಎಲ್ಲ ದಿಕ್ಕಿಗೂ ವಾಲುವ ತಲೆ ಅನಿವಾರ್ಯವಾಯಿತು. ತಲೆಗೆ ಚರ್ಮದಿಂದ ಹೊರಗೆ ಚಾಚುವ ಎರಡು ಉದ್ದ ಕಿವಿಗಳಿರುತ್ತವೆ. ಅವುಗಳ ಸೀಳಿನ ಮೂಲಕ ಸ್ನಾಯುವಿನಡಿ ಕಂಬಿಯನ್ನು ತೂರಿಸಿ, ಮೇಲಿನಿಂದ ಬಿಗಿಬಿರಡೆ ಹಾಕಿ, ಕೊನೆಗೆ ಕಿವಿಗಳನ್ನು ಲಟಕ್ಕನೆ ಮುರಿದು ತೆಗೆಯಲಾಗುತ್ತದೆ. ಬೇಕಾದಾಗ ಮುರಿಯಬೇಕು, ಅದಕ್ಕೆ ಮುನ್ನ ಮುರಿಯಬಾರದು. ಆ ಒಂದು ಗಾಡಿ ಕೊರೆಯುವುದರಲ್ಲೇ ವಿನ್ಯಾಸಕಾರನ ನೈಪುಣ್ಯವೆಲ್ಲ ಅಡಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಲೋಹ ಸಾಮಾನ್ಯವಾಗಿ ಅಲ್ಯುಮಿನಿಯಂ, ವನೇಡಿಯಂ ಬೆರೆತ ಟೈಟಾನಿಯಂ ಮಿಶ್ರಲೋಹ. ಉಕ್ಕಿಗೆ ಹೋಲಿಸಿದರೆ ಇದರ ಬಿಗುವು ಅರ್ಧದಷ್ಟು, ಎಂಆರ್‌ಐ ಚಿತ್ರವನ್ನೂ ಉಕ್ಕಿನಷ್ಟು ಕೆಡಿಸದು. ತಯಾರಾದ ಜೋಡಣೆಯನ್ನು ಎರಡು ಪಾಲಿಥಿನ್ ಗಟ್ಟಿಗಳಿಗೆ ಬಿಗಿದು 50 ಲಕ್ಷ ಬಾರಿ ಒತ್ತಿ ಬಿಡುವ ಪರೀಕ್ಷೆಯಿದೆ. ಸೆಕೆಂಡಿಗೆ 5 ಬಾರಿಯಂತೆ ಹಗಲಿರುಳು ನಡೆಸಿದರೂ 11 ದಿನ ಮೀರುತ್ತದೆ. ಇಷ್ಟಾಗಿಯೂ ತಿರುಪು ಶಾಶ್ವತ ಆಧಾರವಲ್ಲ. ಮೂಳೆ ಕೂಡಿಕೊಳ್ಳದೇ ಹೋದರೆ ಎಂಥ ಲೋಹವೂ ಕಾಲಕ್ರಮೇಣ ದಣಿದು ಮುರಿಯುತ್ತದೆ ಅಥವಾ ಸಡಿಲಗೊಳ್ಳುತ್ತದೆ.

ಮೂಳೆಯೇ ದುರ್ಬಲವಾದರೆ

ವೃದ್ಧರಲ್ಲಿ, ಅದರಲ್ಲೂ ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಸವೆದಿರುತ್ತದೆ. ಇಂಥವರಿಗಾಗಿ ತುದಿಯಲ್ಲಿ ಪಕ್ಕರಂಧ್ರಗಳಿರುವ ತಿರುಪುಗಳು ಬಂದಿವೆ. ಟೊಳ್ಳಿನ ಮೂಲಕ ಮೂಳೆ ಸಿಮೆಂಟು ಒತ್ತಿದರೆ ಅದು ಸುತ್ತ ಹರಡಿ ಗಟ್ಟಿಯಾಗುತ್ತದೆ. ಸಿಮೆಂಟು ರಕ್ತನಾಳಕ್ಕೆ ಸೋರಿದರೆ ಶ್ವಾಸಕೋಶದವರೆಗೂ ಹೋಗಬಹುದೆಂಬ ಕಾರಣಕ್ಕೆ ಇದನ್ನು ಎಲ್ಲರಿಗೂ ಬಳಸುವುದಿಲ್ಲ.

ಚಿತ್ರದುರ್ಗ ಜಿಲ್ಲೆಗೆ ಇನ್ನೊಂದು ತೊಡಕಿದೆ. ಇಲ್ಲಿನ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿ.ಗ್ರಾಂ. ಎಂಬ ಗರಿಷ್ಠ ಮಿತಿಯನ್ನು ಮೀರಿದೆ. ದೀರ್ಘಕಾಲ ಅದನ್ನೇ ಕುಡಿದವರ ಮೂಳೆ ಎಕ್ಸ್-ರೇಯಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿರುತ್ತದೆ. ಬೆನ್ನುಮೂಳೆಯ ಅಸ್ಥಿರಜ್ಜುಗಳು ಗಡುಸಾಗಿ ಬೆನ್ನುಹುರಿಯನ್ನೇ ಒತ್ತಬಹುದು. ಅಂಥ ಒತ್ತಡ ಬಿಡಿಸಲು ಬಯಲು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಸಣ್ಣ ಗಾಯವೇ ಸದಾ ಉತ್ತಮವೆಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬಬೇಕಿಲ್ಲ.

ರೋಗಿಯ ಕಡೆಯವರು ತಿಳಿದಿರಬೇಕಾದ್ದು

ಮರದಿಂದ ಬಿದ್ದವರನ್ನು ಎತ್ತಿ ಕೂರಿಸುವುದು, ಕಂಬಳಿಯಲ್ಲಿ ಜೋಲಿ ಮಾಡಿ ಒಯ್ಯುವುದು, ಆಟೊದಲ್ಲಿ ಮಡಚಿ ಮಲಗಿಸುವುದು ಸಲ್ಲದು. ಕುತ್ತಿಗೆ, ಬೆನ್ನು ತಿರುಚದಂತೆ ಸಪಾಟಾದ ಹಲಗೆಯ ಮೇಲೆ ಮಲಗಿಸಿ 108 ಆಂಬುಲೆನ್ಸ್ ಕರೆಯಬೇಕು. ಬೆಂಗಳೂರಿಗೆ ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ದೂರ. ಅಲ್ಲಿನ ನಿಮ್ಹಾನ್ಸ್ ಮತ್ತು ಸಂಜಯ್ ಗಾಂಧಿ ಅಪಘಾತ ಹಾಗೂ ಮೂಳೆ ಚಿಕಿತ್ಸಾ ಸಂಸ್ಥೆಗಳು ಸರ್ಕಾರಿ ಕ್ಷೇತ್ರದಲ್ಲಿವೆ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗಿನ ಚಿಕಿತ್ಸೆಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ನಿರ್ದಿಷ್ಟ ಶಸ್ತ್ರಚಿಕಿತ್ಸೆ ಅದರಡಿ ಬರುವುದೇ ಎಂದು ದಾಖಲಾಗುವಾಗಲೇ ವಿಚಾರಿಸುವುದು ಒಳಿತು.

ಮೂಳೆಗೆ ಅಳವಡಿಸುವ ಸಾಧನಗಳನ್ನು ಕೇಂದ್ರ ಸರ್ಕಾರ 2005ರಲ್ಲೇ ಔಷಧ ಕಾಯ್ದೆಯ ವ್ಯಾಪ್ತಿಗೆ ತಂದಿತ್ತು. 2018ರ ಜನವರಿ 1ರಿಂದ ವೈದ್ಯಕೀಯ ಸಾಧನಗಳ ನಿಯಮಾವಳಿ ಜಾರಿಯಲ್ಲಿದೆ. ತಯಾರಕರ ಹೆಸರು, ತಂಡದ ಸಂಖ್ಯೆ ಇರುವ ಚೀಟಿ ಪ್ರತಿ ಸಾಧನದೊಂದಿಗೂ ಬರುತ್ತದೆ. ಬಿಡುಗಡೆಯ ದಿನ ಬಿಲ್ಲಿನ ಜತೆ ಅದರ ಪ್ರತಿಯನ್ನೂ ಕೇಳಿ ಪಡೆಯಬೇಕು. ಹತ್ತು ವರ್ಷದ ನಂತರ ತಿರುಪು ತೆಗೆಯಬೇಕಾಗಿ ಬಂದರೆ, ಯಾವ ಅಳತೆಯ ಸಲಕರಣೆ ಬೇಕೆಂದು ಆಗಿನ ವೈದ್ಯರು ಮೊದಲು ಹುಡುಕುವುದು ಆ ಚೀಟಿಯನ್ನೇ.