ಕ್ಲೀವ್‌ಲ್ಯಾಂಡ್ ಬ್ರೌನ್ಸ್: ಕೋಚ್‌ಗಳು ನೆಲೆ ನಿಲ್ಲದ ತಂಡ

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಂಡೆಯ ಮೇಲಿರುವ ಕ್ಲೀವ್‌ಲ್ಯಾಂಡ್ ನಗರದ ವೃತ್ತಿಪರ ಫುಟ್‌ಬಾಲ್ ತಂಡಕ್ಕೆ ಬ್ರೌನ್ಸ್ ಎಂಬ ಹೆಸರು ಬಂದದ್ದು ಅದರ ಮೊದಲ ಮುಖ್ಯ ಕೋಚ್ ಪಾಲ್ ಬ್ರೌನ್ ಅವರಿಂದ. ಕೋಚ್ ಒಬ್ಬರ ಹೆಸರನ್ನೇ ಹೊತ್ತ ಈ ತಂಡ 1999ರಿಂದ 2019ರವರೆಗಿನ 21 ಋತುಗಳಲ್ಲಿ ಒಂಬತ್ತು ಮಂದಿ ಕಾಯಂ ಕೋಚ್‌ಗಳನ್ನು ಕಂಡಿತು. ಅವರ ನಡುವೆ ಇಬ್ಬರು ಹಂಗಾಮಿಗಳೂ ಬಂದು ಹೋದರು. ಅಷ್ಟೂ ವರ್ಷಗಳಲ್ಲಿ ತಂಡ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಹಂತ ತಲುಪಿದ್ದು ಒಮ್ಮೆ ಮಾತ್ರ.

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುತ್ತಲೋ ಎಸೆಯುತ್ತಲೋ ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ ಸಿಗುತ್ತದೆ. ಪ್ರತಿ ಅವಕಾಶಕ್ಕೂ ಆಟ ನಿಲ್ಲುತ್ತದೆ, ಮುಂದಿನ ನಡೆ ತೀರ್ಮಾನವಾಗುತ್ತದೆ, ಹನ್ನೊಂದು ಮಂದಿಯೂ ತಮಗೆ ಗೊತ್ತುಪಡಿಸಿದ ದಾರಿಯಲ್ಲೇ ಚಲಿಸುತ್ತಾರೆ. ಈ ನಡೆಗಳೆಲ್ಲ ಪ್ಲೇಬುಕ್ ಎಂಬ ದಪ್ಪ ಹೊತ್ತಗೆಯಲ್ಲಿರುತ್ತವೆ. ಒಂದೊಂದಕ್ಕೂ ಸಂಕೇತದ ಹೆಸರುಂಟು. ಕೋಚ್ ಬದಲಾದರೆ ಪ್ಲೇಬುಕ್ ಬದಲಾಗುತ್ತದೆ, ಸಂಕೇತಗಳು ಬದಲಾಗುತ್ತವೆ, ಸಹಾಯಕರ ಬಳಗವೂ ಬಹುಮಟ್ಟಿಗೆ ಬದಲಾಗುತ್ತದೆ. ಆಟಗಾರ ಮತ್ತೆ ಅ ಆ ಇ ಈಯಿಂದ ಕಲಿಯಬೇಕಾಗುತ್ತದೆ.

ಕೋಚ್‌ನ ಕೆಲಸಕ್ಕೆ ಈ ರೂಪ ಕೊಟ್ಟವರಲ್ಲಿ ಪಾಲ್ ಬ್ರೌನ್ ಮುಖ್ಯರು. ಶಾಲಾ ತಂಡದ ತರಬೇತಿಯಿಂದ ಮೇಲೆ ಬಂದ ಅವರು 1946ರಲ್ಲಿ ಕ್ಲೀವ್‌ಲ್ಯಾಂಡ್ ತಂಡವನ್ನು ಕಟ್ಟಿದಾಗ ಆಟಗಾರರನ್ನು ತರಗತಿಯಲ್ಲಿ ಕೂರಿಸಿ ಪಾಠ ಹೇಳಿದರು, ಟಿಪ್ಪಣಿ ಬರೆಸಿದರು, ಪಂದ್ಯಗಳ ಚಿತ್ರೀಕರಣವನ್ನು ಬಿಡಿಬಿಡಿಯಾಗಿ ತೋರಿಸಿ ತಪ್ಪು ತಿದ್ದಿದರು. ಪ್ರತಿ ನಡೆಯನ್ನೂ ಒಬ್ಬ ಆಟಗಾರನ ಮೂಲಕ ಅಂಗಳದೊಳಕ್ಕೆ ಹೇಳಿ ಕಳುಹಿಸುತ್ತಿದ್ದರು. ಕಪ್ಪು ಆಟಗಾರರಿಗೆ ವೃತ್ತಿಪರ ಫುಟ್‌ಬಾಲ್‌ನ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಮೇರಿಯನ್ ಮೋಟ್ಲಿ ಮತ್ತು ಬಿಲ್ ವಿಲ್ಲಿಸ್ ಅವರನ್ನು ಮೊದಲ ವರ್ಷವೇ ತಂಡಕ್ಕೆ ಸೇರಿಸಿಕೊಂಡರು. ತಂಡ ತಾನು ಹುಟ್ಟಿದ ಲೀಗ್‌ನ ನಾಲ್ಕೂ ಪ್ರಶಸ್ತಿಗಳನ್ನು ಗೆದ್ದಿತು. 1950ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಸೇರಿ ಆ ವರ್ಷ, ಮತ್ತೆ 1954 ಮತ್ತು 1955ರಲ್ಲಿ ಚಾಂಪಿಯನ್ ಆಯಿತು. ಒಬ್ಬನೇ ಕೋಚ್ 17 ಋತುಗಳನ್ನು ನಡೆಸಿ ಕೊಟ್ಟ ಫಲ ಏಳು ಪ್ರಶಸ್ತಿ.

1961ರಲ್ಲಿ ನ್ಯೂಯಾರ್ಕ್‌ನ ಜಾಹೀರಾತು ಉದ್ಯಮಿ ಆರ್ಟ್ ಮೊಡೆಲ್ ತಂಡವನ್ನು ಕೊಂಡರು. ಹಿಂದಿನ ಮಾಲೀಕರು ಆಟದ ವಿಷಯದಲ್ಲಿ ಬ್ರೌನ್ ಅವರಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿದ್ದರು. ಮೊಡೆಲ್ ದಿನನಿತ್ಯದ ತೀರ್ಮಾನಗಳಲ್ಲಿ ಪಾಲು ಬಯಸಿದರು. ಬ್ರೌನ್ ಮಾಲೀಕರನ್ನು ಕೇಳದೆಯೇ ತಂಡದ ಆಟಗಾರ ಬಾಬಿ ಮಿಚೆಲ್ ಅವರನ್ನು ವಾಷಿಂಗ್ಟನ್ ತಂಡಕ್ಕೆ ಕೊಟ್ಟು ಎರ್ನಿ ಡೇವಿಸ್ ಎಂಬ ಯುವಕನ ಹಕ್ಕು ಪಡೆದರು. ರಕ್ತದ ಕ್ಯಾನ್ಸರ್‌ಗೆ ತುತ್ತಾದ ಡೇವಿಸ್ ಒಂದು ಪಂದ್ಯವನ್ನೂ ಆಡದೆ ತೀರಿಕೊಂಡರು. ಅದಕ್ಕೂ ಮೊದಲೇ, ಬ್ರೌನ್ ಜೊತೆಗಿನ ಮನಸ್ತಾಪ ಬೆಳೆದು 1963ರ ಜನವರಿಯಲ್ಲಿ ಮೊಡೆಲ್ ತಂಡದ ಸ್ಥಾಪಕನನ್ನೇ ಕೆಲಸದಿಂದ ತೆಗೆದರು.  ಮಾಲೀಕ ಮತ್ತು ಕೋಚ್ ನಡುವೆ ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಈ ತಂಡದಲ್ಲಿ ಹುಟ್ಟಿದ್ದು ಆಗಲೇ.

ಅದರ ಫಲ ಒಡನೆಯೇ ಕಾಣಲಿಲ್ಲ. ಬ್ರೌನ್ ಅವರ ಸಹಾಯಕರಾಗಿದ್ದ ಬ್ಲಾಂಟನ್ ಕಾಲಿಯರ್ ಅದೇ ಪದ್ಧತಿಯನ್ನು ಮುಂದುವರಿಸಿ 1964ರಲ್ಲಿ ಬಾಲ್ಟಿಮೋರ್ ತಂಡವನ್ನು 27–0ರಿಂದ ಸೋಲಿಸಿ ಪ್ರಶಸ್ತಿ ತಂದರು. ಬ್ರೌನ್ಸ್ ಗೆದ್ದ ಕೊನೆಯ ಲೀಗ್ ಪ್ರಶಸ್ತಿ ಅದೇ. ಕಾಲಿಯರ್ ಎಂಟು ಋತು ಇದ್ದರು. ಅವರ ನಂತರ ಕೋಚ್‌ಗಳ ಅವಧಿ ಕಿರಿದಾಗತೊಡಗಿತು. 1977ರಲ್ಲಿ ಒಂದು ಪಂದ್ಯ ಬಾಕಿಯಿರುವಾಗಲೇ ಫಾರೆಸ್ಟ್ ಗ್ರೆಗ್ ಹೊರಬಿದ್ದರು. ಸ್ಯಾಮ್ ರುಟಿಗ್ಲಿಯಾನೊ 1984ರ ನಡುವೆ ಕೆಲಸ ಕಳೆದುಕೊಂಡರು. ಮಾರ್ಟಿ ಶಾಟನ್‌ಹೈಮರ್ ತಂಡವನ್ನು 1985ರಿಂದ ಸತತ ನಾಲ್ಕು ವರ್ಷ ಪ್ಲೇಆಫ್‌ಗೆ ಒಯ್ದರೂ ಸಹಾಯಕರ ನೇಮಕದ ವಿಷಯದಲ್ಲಿ ಮೊಡೆಲ್ ಜೊತೆ ಒಮ್ಮತಕ್ಕೆ ಬರಲಾರದೆ 1988ರ ಋತುವಿನ ಬಳಿಕ ಹೊರನಡೆದರು. ಬಡ್ ಕಾರ್ಸನ್ ಒಂದೂವರೆ ಋತು ಮಾತ್ರ ಉಳಿದರು. 1991ರಲ್ಲಿ ಬಂದ ಬಿಲ್ ಬೆಲಿಚಿಕ್ 1994ರಲ್ಲಿ 11 ಪಂದ್ಯ ಗೆದ್ದುಕೊಟ್ಟರು.

1995ರ ನವೆಂಬರ್‌ನಲ್ಲಿ ಮೊಡೆಲ್ ತಂಡವನ್ನು ಬಾಲ್ಟಿಮೋರ್‌ಗೆ ಸ್ಥಳಾಂತರಿಸುವುದಾಗಿ ಸಾರಿದರು. ಕಷ್ಟಪಟ್ಟು ದುಡಿಯುವ ಕೈಗಾರಿಕಾ ನಗರವೊಂದಕ್ಕೆ ಇದು ಮನೆಯವರೇ ಬಿಟ್ಟುಹೋದಷ್ಟು ನೋವಿನ ಸಂಗತಿಯಾಗಿತ್ತು. ಬೆಲಿಚಿಕ್ ಅವರನ್ನು ಮರುವರ್ಷ ತೆಗೆಯಲಾಯಿತು. ಮುಂದೆ ಅವರು ನ್ಯೂ ಇಂಗ್ಲೆಂಡ್ ತಂಡದ ಕೋಚ್ ಆಗಿ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಆರು ಬಾರಿ ಗೆದ್ದರು. ಊರಿನ ಹೋರಾಟದಿಂದ ಬ್ರೌನ್ಸ್ ಎಂಬ ಹೆಸರು, ಬಣ್ಣ, ದಾಖಲೆಗಳು ಕ್ಲೀವ್‌ಲ್ಯಾಂಡ್‌ನಲ್ಲೇ ಉಳಿದವು. ಮೂರು ವರ್ಷ ಆ ಹೆಸರಿನ ತಂಡ ಅಂಗಳಕ್ಕೆ ಇಳಿಯಲಿಲ್ಲ.

1998ರ ಸೆಪ್ಟೆಂಬರ್‌ನಲ್ಲಿ ಅಲ್ ಲರ್ನರ್ 53 ಕೋಟಿ ಡಾಲರ್‌ಗೆ ಹೊಸ ತಂಡದ ಹಕ್ಕು ಪಡೆದರು. ಒಂದೇ ವರ್ಷದಲ್ಲಿ ಕಚೇರಿ, ಕೋಚ್, ಆಟಗಾರರು ಎಲ್ಲವನ್ನೂ ಹೊಂದಿಸಬೇಕಿತ್ತು. ಮರಳಿ ಬಂದ ತಂಡ ಮೊದಲ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎದುರು 43–0ರಿಂದ ಸೋತಿತು. ಕ್ರಿಸ್ ಪಾಮರ್ ಎರಡು ಋತುಗಳಲ್ಲಿ ಐದು ಪಂದ್ಯ ಗೆದ್ದು ನಿರ್ಗಮಿಸಿದರು. ಬುಚ್ ಡೇವಿಸ್ 2002ರಲ್ಲಿ ತಂಡವನ್ನು ಪ್ಲೇಆಫ್‌ಗೆ ತಂದರು, 2004ರ ನಡುವೆ ರಾಜೀನಾಮೆ ಕೊಟ್ಟರು. ನಂತರ ಬಂದ ರೋಮಿಯೋ ಕ್ರೆನೆಲ್ ಮತ್ತು ಎರಿಕ್ ಮ್ಯಾಂಜಿನಿ ಇಬ್ಬರೂ ಬೆಲಿಚಿಕ್ ಗರಡಿಯವರು. ಹಿಂದೆ ಕೈಬಿಟ್ಟ ಗುರುವಿನ ವಿದ್ಯೆಯನ್ನು ಶಿಷ್ಯರ ಮೂಲಕ ಮರಳಿ ತರುವ ಆ ಪ್ರಯತ್ನವೂ ಫಲಿಸಲಿಲ್ಲ. ಕ್ರೆನೆಲ್‌ಗೆ ನಾಲ್ಕು ಋತು, ಮ್ಯಾಂಜಿನಿಗೆ ಎರಡು, ಪ್ಯಾಟ್ ಶರ್ಮರ್‌ಗೆ ಎರಡು ಸಿಕ್ಕವು.

ಸೋಲು ಕೋಚ್ ಬದಲಾವಣೆಗೆ ಕಾರಣವಾದಂತೆ, ಬದಲಾವಣೆಯೂ ಮುಂದಿನ ಸೋಲಿಗೆ ಕಾರಣವಾಗುತ್ತಿತ್ತು. ರಕ್ಷಣಾ ಪಡೆಯ ವ್ಯೂಹ ಇದಕ್ಕೆ ಸ್ಪಷ್ಟ ಉದಾಹರಣೆ. ಪಾಮರ್ ಮತ್ತು ಡೇವಿಸ್ ಮುಂಚೂಣಿಯಲ್ಲಿ ನಾಲ್ವರನ್ನು ನಿಲ್ಲಿಸುವ ಪದ್ಧತಿಯವರು, ಕ್ರೆನೆಲ್ ಮತ್ತು ಮ್ಯಾಂಜಿನಿ ಮೂವರನ್ನು ನಿಲ್ಲಿಸುವವರು. ಶರ್ಮರ್ ಕಾಲದಲ್ಲಿ ಮತ್ತೆ ನಾಲ್ವರಾದರು, 2013ರಲ್ಲಿ ಪುನಃ ಮೂವರಾದರು. ಎರಡು ವ್ಯೂಹಗಳಿಗೂ ಬೇಕಾದ ಆಟಗಾರರ ಮೈಕಟ್ಟು, ತೂಕ, ವೇಗ ಬೇರೆ ಬೇರೆ. ಒಬ್ಬರು ಆರಿಸಿ ತಂದವರು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಸೋತ ತಂಡಕ್ಕೆ ಹೊಸ ಪ್ರತಿಭೆಗಳ ಆಯ್ಕೆಯಲ್ಲಿ ಮೊದಲ ಸರದಿ ಕೊಡುವ ಡ್ರಾಫ್ಟ್ ವ್ಯವಸ್ಥೆಯ ಲಾಭವೂ ಹೀಗೆ ಸೋರಿಹೋಗುತ್ತಿತ್ತು. ಆಟದ ಸೂತ್ರಧಾರನಾದ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಪಂದ್ಯ ಆರಂಭಿಸಿದವರನ್ನು 1999ರಿಂದ ಲೆಕ್ಕ ಹಾಕಿದರೆ 2018ರ ಬೇಕರ್ ಮೇಫೀಲ್ಡ್ 30ನೆಯವರು. ಅವರೂ ತಮ್ಮ ಮೊದಲ ಮೂರು ಋತುಗಳಲ್ಲಿ ನಾಲ್ವರು ಮುಖ್ಯ ಕೋಚ್‌ಗಳ ಕೈಕೆಳಗೆ ಆಡಿದರು.

2012ರಲ್ಲಿ ಜಿಮ್ಮಿ ಹ್ಯಾಸ್ಲಮ್ ತಂಡವನ್ನು ಕೊಂಡ ಮೇಲೆ ಬದಲಾವಣೆಯ ವೇಗ ಇನ್ನೂ ಹೆಚ್ಚಿತು. ಒಹಾಯೊದಲ್ಲೇ ಹುಟ್ಟಿ, ಬ್ರೌನ್ಸ್ ಅಭಿಮಾನಿಯಾಗಿ ಬೆಳೆದ ರಾಬ್ ಚಡ್‌ಜಿನ್‌ಸ್ಕಿ 2013ರ ಕೊನೆಯ ಪಂದ್ಯ ಮುಗಿದ ರಾತ್ರಿಯೇ ಕೆಲಸ ಕಳೆದುಕೊಂಡರು. ಅವರಿಗೆ ಸಿಕ್ಕಿದ್ದು ಒಂದೇ ಋತು. ಕೆಲವೇ ವಾರಗಳಲ್ಲಿ ಅವರನ್ನು ನೇಮಿಸಿದ್ದ ಆಡಳಿತಗಾರರೂ ಹೋದರು. ಮೈಕ್ ಪೆಟಿನ್ 2014ರಲ್ಲಿ ಮೊದಲ 11 ಪಂದ್ಯಗಳಲ್ಲಿ ಏಳನ್ನು ಗೆದ್ದು ಉಳಿದ ಐದನ್ನೂ ಸೋತರು. ಮರುವರ್ಷದ ಕೊನೆಗೆ ಅವರೂ ಜನರಲ್ ಮ್ಯಾನೇಜರ್ ರೇ ಫಾರ್ಮರ್ ಅವರೂ ಒಟ್ಟಿಗೆ ಹೊರಬಿದ್ದರು. ಆಟಗಾರರನ್ನು ಆರಿಸುವವರು ಮತ್ತು ಆಡಿಸುವವರು ಒಮ್ಮೆಗೇ ಬದಲಾದಾಗ ತಂಡ ಮತ್ತೆ ಬುನಾದಿಯಿಂದ ಶುರುವಾಗಬೇಕಿತ್ತು.

2016ರಲ್ಲಿ ಬಂದ ಹ್ಯೂ ಜಾಕ್ಸನ್ ಅವರ ಕಾಲ ಸೋತೊಡನೆ ಕೋಚ್ ಬದಲಿಸುವ ಈ ರೂಢಿಗೆ ಅಪವಾದ. ಆಡಳಿತ ಅನುಭವಿಗಳನ್ನು ಬಿಟ್ಟುಕೊಟ್ಟು ಮುಂದಿನ ಡ್ರಾಫ್ಟ್‌ಗಳಿಗೆ ಆಯ್ಕೆಯ ಹಕ್ಕುಗಳನ್ನು ಕೂಡಿಟ್ಟಿತು. ಮೊದಲ ವರ್ಷ ಒಂದು ಗೆಲುವು. 2017ರಲ್ಲಿ 16ಕ್ಕೆ 16 ಪಂದ್ಯವೂ ಸೋಲು. ಲೀಗ್‌ನ ಇತಿಹಾಸದಲ್ಲಿ ಹೀಗೆ 16 ಪಂದ್ಯ ಸೋತದ್ದು ಅದಕ್ಕೆ ಮುನ್ನ 2008ರ ಡೆಟ್ರಾಯಿಟ್ ತಂಡ ಮಾತ್ರ. ಆದರೂ ಜಾಕ್ಸನ್ ಮುಂದುವರಿದರು. ಆಡುವ ಶಕ್ತಿಯೇ ಇಲ್ಲದ ತಂಡವನ್ನು ಕೋಚ್‌ನ ಸ್ಥಿರತೆಯೊಂದೇ ಕಾಪಾಡಲಾರದು ಎಂಬುದನ್ನು ಆ ಎರಡು ವರ್ಷಗಳು ತೋರಿಸಿದವು. 2018ರ ಜನವರಿಯ ಕೊರೆಯುವ ಚಳಿಯಲ್ಲಿ ಅಭಿಮಾನಿಗಳು ಕ್ರೀಡಾಂಗಣದ ಸುತ್ತ ಸೊನ್ನೆಯಾಕಾರದಲ್ಲಿ ಮೆರವಣಿಗೆ ನಡೆಸಿದರು. ಆ ನೆಪದಲ್ಲಿ ಸಂಗ್ರಹವಾದ ಹಣ ಹಸಿದವರಿಗೆ ಆಹಾರ ಒದಗಿಸುವ ಸ್ಥಳೀಯ ಸಂಸ್ಥೆಗೆ ಸಂದಿತು. 2018ರ ಸೆಪ್ಟೆಂಬರ್ 20ರಂದು ನ್ಯೂಯಾರ್ಕ್ ಜೆಟ್ಸ್ ಮೇಲೆ 21–17ರ ಗೆಲುವು ದಕ್ಕಿದಾಗ ಹಿಂದಿನ ಗೆಲುವಿನಿಂದ 635 ದಿನ ಕಳೆದಿದ್ದವು. ಮರುತಿಂಗಳು ಜಾಕ್ಸನ್ ಹೊರಹೋದರು. ಅವರ ಲೆಕ್ಕ 3 ಗೆಲುವು, 36 ಸೋಲು, 1 ಸಮ.

ಸುಮಾರು 200 ಕಿಲೋಮೀಟರ್ ದೂರದ ಪಿಟ್ಸ್‌ಬರ್ಗ್‌ನಲ್ಲಿ ಇದೇ ಆಟದ ಇತಿಹಾಸ ಬೇರೆಯೇ ಆಗಿದೆ. ಸ್ಟೀಲರ್ಸ್ ತಂಡ 1969ರಿಂದ 2024ರವರೆಗಿನ 56 ಋತುಗಳನ್ನು ಮೂವರೇ ಕೋಚ್‌ಗಳೊಂದಿಗೆ ಕಳೆಯಿತು: ಚಕ್ ನೋಲ್, ಬಿಲ್ ಕಾವರ್, ಮೈಕ್ ಟಾಮ್ಲಿನ್. ಮೂವರೂ ಸೂಪರ್ ಬೌಲ್ ಗೆದ್ದವರು. ನೋಲ್ ಮೊದಲ ವರ್ಷ 14ರಲ್ಲಿ 13 ಪಂದ್ಯ ಸೋತರು, ನಂತರದ ಎರಡು ವರ್ಷಗಳಲ್ಲೂ ಗೆಲುವಿಗಿಂತ ಸೋಲೇ ಹೆಚ್ಚಾಗಿತ್ತು. ಮಾಲೀಕರಾದ ರೂನಿ ಕುಟುಂಬ ಅವರನ್ನು ಕೈಬಿಡಲಿಲ್ಲ. ಮುಂದೆ ಅವರು ನಾಲ್ಕು ಸೂಪರ್ ಬೌಲ್ ತಂದುಕೊಟ್ಟರು. ನೋಲ್ ಹುಟ್ಟಿದ್ದು ಕ್ಲೀವ್‌ಲ್ಯಾಂಡ್‌ನಲ್ಲಿ. 1950ರ ದಶಕದಲ್ಲಿ ಅವರು ಬ್ರೌನ್ಸ್ ಪರ ಆಡಿದ್ದರು. ಪಾಲ್ ಬ್ರೌನ್ ಅವರ ಸಂದೇಶವನ್ನು ಅಂಗಳಕ್ಕೆ ಒಯ್ಯುತ್ತಿದ್ದ ಆಟಗಾರರಲ್ಲಿ ಅವರೂ ಒಬ್ಬರು.

ಕ್ಲೀವ್‌ಲ್ಯಾಂಡ್‌ನಲ್ಲಿ 2019ರ ಒಂದೇ ಋತುವಿಗೆ ಫ್ರೆಡ್ಡಿ ಕಿಚನ್ಸ್ ಬಂದು ಹೋದರು. 2020ರಲ್ಲಿ ಕೋಚ್ ಕೆವಿನ್ ಸ್ಟೆಫಾನ್‌ಸ್ಕಿ ಮತ್ತು ಜನರಲ್ ಮ್ಯಾನೇಜರ್ ಆಂಡ್ರ್ಯೂ ಬೆರಿ ಒಂದೇ ಸಮಯದಲ್ಲಿ ನೇಮಕಗೊಂಡರು. ಆ ವರ್ಷ ತಂಡ 11 ಪಂದ್ಯ ಗೆದ್ದು 17 ಋತುಗಳ ಬರ ಮುಗಿಸಿ ಪ್ಲೇಆಫ್ ಸೇರಿತು. 2021ರ ಜನವರಿಯಲ್ಲಿ, ಕೋವಿಡ್‌ನಿಂದಾಗಿ ಸ್ಟೆಫಾನ್‌ಸ್ಕಿ ಮನೆಯಲ್ಲೇ ಉಳಿದಿದ್ದ ಪಂದ್ಯದಲ್ಲಿ, ಪಿಟ್ಸ್‌ಬರ್ಗ್ ನೆಲದಲ್ಲೇ ಸ್ಟೀಲರ್ಸ್ ತಂಡವನ್ನು 48–37ರಿಂದ ಸೋಲಿಸಿತು. ಕೋಚ್ ಎದುರಿಗಿಲ್ಲದಿದ್ದರೂ ಅವರು ಕಲಿಸಿದ ಆಟ ಅಂಗಳದಲ್ಲಿತ್ತು. 2023ರಲ್ಲಿ ಮತ್ತೆ 11 ಗೆಲುವು ಬಂದವು. 2024ರಲ್ಲಿ 17ರಲ್ಲಿ 14 ಪಂದ್ಯ ಸೋತಾಗಲೂ ಆಡಳಿತ ಅವರನ್ನು ಉಳಿಸಿಕೊಂಡಿತು. ಐದು ಋತು ಪೂರೈಸಿದ ಸ್ಟೆಫಾನ್‌ಸ್ಕಿ 1999ರ ನಂತರದ ಬ್ರೌನ್ಸ್‌ನಲ್ಲಿ ಅಷ್ಟು ಕಾಲ ಉಳಿದ ಮೊದಲ ಮುಖ್ಯ ಕೋಚ್.